ಪ್ರಳಯದ ಪರಿಷ್ಕೃತ ಆವೃತ್ತಿ

ಲೋಕ ಮುಗಿಯುತ್ತದೆ ಎಂದು ಪುಸ್ತಕ ಬರೆಯುವವರಿಗೆ ಎರಡನೇ ಮುದ್ರಣ ಬಹಳ ಮುಜುಗರದ ಸಂಗತಿಯಾಗಬೇಕು. ಮೊದಲ ಮುದ್ರಣ ಖರ್ಚಾಗಿ, ಪ್ರಕಾಶಕರು ಫೋನು ಮಾಡಿ, ಕರಡು ತಿದ್ದಿ ಕಳಿಸುವಷ್ಟು ದಿನ ಲೋಕ ಬಾಳಿತಲ್ಲ! ಆದರೆ ಅಮೆರಿಕದ ಜಾನ್ ವಾಲ್ವೂರ್ಡ್ ಅವರಿಗೆ ಅಂಥ ಸಂಕೋಚವೇನೂ ಕಾಡಲಿಲ್ಲ. ಟೆಕ್ಸಾಸಿನ ಡಲ್ಲಾಸ್ ಥಿಯಲಾಜಿಕಲ್ ಸೆಮಿನರಿಗೆ ಮೂರು ದಶಕಕ್ಕೂ ಹೆಚ್ಚು ಕಾಲ ಅಧ್ಯಕ್ಷರಾಗಿದ್ದ ದೊಡ್ಡ ವಿದ್ವಾಂಸರು ಅವರು. 1973ರಲ್ಲಿ ಅರಬ್ ದೇಶಗಳು ತೈಲದ ನಲ್ಲಿ ಬಿಗಿ ಮಾಡಿದವು. ಪೆಟ್ರೋಲ್ ಬಂಕುಗಳ ಮುಂದೆ ಅಮೆರಿಕನ್ನರು ಸಾಲು ನಿಂತರು. 1974ರಲ್ಲಿ ವಾಲ್ವೂರ್ಡರ ಪುಸ್ತಕ ಬಂತು. ಹರ್ಮಗೆದ್ದೋನ್ ಎಂಬ ಬೈಬಲಿನ ಕೊನೆಯ ಯುದ್ಧ, ಎಣ್ಣೆ, ಮಧ್ಯಪ್ರಾಚ್ಯದ ಬಿಕ್ಕಟ್ಟು, ಈ ಮೂರನ್ನೂ ಶೀರ್ಷಿಕೆಯಲ್ಲೇ ಕಟ್ಟಿಕೊಂಡು ಬಂತು. ಆಮೇಲೆ ಪೆಟ್ರೋಲ್ ಸಿಕ್ಕಿತು, ಸಾಲು ಕರಗಿತು, ಪುಸ್ತಕವೂ ಕಪಾಟು ಸೇರಿತು.

1990ರಲ್ಲಿ ಸದ್ದಾಂ ಹುಸೇನ್ ಕುವೈತಿಗೆ ನುಗ್ಗಿದ. ಕಪಾಟಿನಿಂದ ಪುಸ್ತಕ ಇಳಿಯಿತು, ಧೂಳು ಕೊಡವಿಕೊಂಡಿತು, ಪರಿಷ್ಕೃತಗೊಂಡಿತು, ಲಕ್ಷಗಟ್ಟಲೆ ಮಾರಾಟವಾಯಿತು. ಕುವೈತ್ ಬಿಡುಗಡೆಯಾಯಿತು. ಹರ್ಮಗೆದ್ದೋನ್ ಮುಂದಕ್ಕೆ ಹೋಯಿತು. 2002ರಲ್ಲಿ ವಾಲ್ವೂರ್ಡ್ ತೀರಿಕೊಂಡರು. ಇಷ್ಟಕ್ಕೆ ಮುಗಿಯಿತು ಎಂದುಕೊಂಡಿರಾ? 2007ರಲ್ಲಿ ಅದೇ ಪುಸ್ತಕ ಮತ್ತೊಬ್ಬರ ಕೈಯಲ್ಲಿ ಮತ್ತೆ ಪರಿಷ್ಕೃತಗೊಂಡಿತು. ಈ ಸಲ ಶೀರ್ಷಿಕೆಯಿಂದ 'ಮಧ್ಯಪ್ರಾಚ್ಯದ ಬಿಕ್ಕಟ್ಟು' ಇಳಿದು ಆ ಸೀಟಿನಲ್ಲಿ 'ಭಯೋತ್ಪಾದನೆ' ಕೂತಿತ್ತು. ಹರ್ಮಗೆದ್ದೋನ್ ಮತ್ತು ಎಣ್ಣೆ ಮಾತ್ರ ಕದಲಲಿಲ್ಲ. ಅವು ರಿಸರ್ವ್ಡ್ ಸೀಟು.

ಬೈಬಲಿನಲ್ಲಿ ಪ್ರಳಯದ ಲೆಕ್ಕ ಹುಡುಕುವ ಈ ವಿದ್ಯೆಗೆ ಡಿಸ್ಪೆನ್ಸೇಷನಲಿಸಂ ಎನ್ನುತ್ತಾರೆ. ನಾವು ಯುಗವಿಭಾಗ ಎಂದು ಕರೆದುಕೊಳ್ಳೋಣ. ಇದರ ಮೂಲಪುರುಷ ಜಾನ್ ನೆಲ್ಸನ್ ಡಾರ್ಬಿ. 1800ರಲ್ಲಿ ಹುಟ್ಟಿ, ಐರ್ಲೆಂಡಿನ ಆಂಗ್ಲಿಕನ್ ಸಭೆಯಲ್ಲಿ ಪಾದ್ರಿಯಾಗಿ, ಅದು ಸರಿಯಿಲ್ಲವೆಂದು ಬಿಟ್ಟು ಪ್ಲಿಮತ್ ಬ್ರದರನ್ ಎಂಬ ಕೂಟ ಸೇರಿ, ಆ ಬ್ರದರುಗಳ ಜೊತೆಗೂ ಜಗಳವಾಡಿ ಕೂಟವನ್ನೇ ಇಬ್ಭಾಗ ಮಾಡಿದ ಮನುಷ್ಯ. ವಿಭಾಗಿಸುವುದು ಆತನ ರಕ್ತದಲ್ಲೇ ಇತ್ತು ಎನ್ನಬೇಕು. ಸಭೆಯಾದ ಮೇಲೆ ಕಾಲಕ್ಕೇ ಕೈ ಹಾಕಿದ. ಆತನ ನಂತರದವರು ಅಚ್ಚುಕಟ್ಟು ಮಾಡಿದ ಪಟ್ಟಿಯ ಪ್ರಕಾರ ದೇವರು ಮನುಷ್ಯಕುಲವನ್ನು ಏಳು ಬೇರೆ ಬೇರೆ ಕಾಲಗಳಲ್ಲಿ ಏಳು ಬೇರೆ ಬೇರೆ ನಿಯಮಗಳ ಕೆಳಗೆ ಪರೀಕ್ಷಿಸುತ್ತಾನೆ. ಆದಾಮನದು ನಿರ್ದೋಷದ ಕಾಲ, ನೋಹನ ತನಕ ಮನಸ್ಸಾಕ್ಷಿಯ ಕಾಲ, ಮೋಶೆಯಿಂದ ಧರ್ಮಶಾಸ್ತ್ರದ ಕಾಲ, ಹೀಗೆ. ಪ್ರತಿ ಕಾಲದ ಕೊನೆಗೂ ಮನುಷ್ಯ ಫೇಲು. ನಾವಿರುವುದು ಆರನೆಯ ಕೃಪೆಯ ಕಾಲದಲ್ಲಿ, ಅದರಲ್ಲೂ ಕೊನೆಯ ಗಂಟೆಯಲ್ಲಿ. ಈ ಕೊನೆಯ ಗಂಟೆ ಸುಮಾರು ಇನ್ನೂರು ವರ್ಷದಿಂದ ನಡೆಯುತ್ತಿದೆ.

ಎಲ್ಲ ಲೆಕ್ಕದ ಬೇರು ಇರುವುದು ಬೈಬಲಿನ ದಾನಿಯೇಲನ ಗ್ರಂಥದ ಒಂಬತ್ತನೇ ಅಧ್ಯಾಯದಲ್ಲಿ. ಅಲ್ಲಿ ಎಪ್ಪತ್ತು ವಾರಗಳ ಮಾತು ಬರುತ್ತದೆ. ವಾರವೆಂದರೆ ಏಳು ದಿನವಲ್ಲ, ಏಳು ವರ್ಷ. ಇದನ್ನು ಬಹಳ ಮಂದಿ ಒಪ್ಪುತ್ತಾರೆ. ಒಟ್ಟು 490 ವರ್ಷ. ಅದರಲ್ಲಿ 69 ವಾರ, ಅಂದರೆ 483 ವರ್ಷ, ಯೇಸುವಿನ ಕಾಲಕ್ಕೆ ಸರಿಯಾಗಿ ಮುಗಿಯಿತಂತೆ. ಹಾಗಾದರೆ ಎಪ್ಪತ್ತನೇ ವಾರ ಅದರ ಬೆನ್ನಿಗೇ ಬರಬೇಕಲ್ಲವೇ? ಬರಲಿಲ್ಲ. ಏಕೆಂದರೆ ಯೆಹೂದ್ಯರು ಮೆಸ್ಸೀಯನನ್ನು ಒಪ್ಪಲಿಲ್ಲ, ದೇವರು ಗಡಿಯಾರ ನಿಲ್ಲಿಸಿದ. ಅರವತ್ತೊಂಬತ್ತಕ್ಕೂ ಎಪ್ಪತ್ತಕ್ಕೂ ನಡುವೆ ಎರಡು ಸಾವಿರ ವರ್ಷದ ಕಂದಕ. ಸಂತ ಆಗಸ್ಟೀನನಿಂದ ಹಿಡಿದು ನಮ್ಮೂರಿನ ಚರ್ಚಿನ ಗಂಟೆ ಬಾರಿಸುವವನ ತನಕ ಇಡೀ ಕ್ರೈಸ್ತ ಸಭೆ ಇರುವುದು ಈ ಕಂದಕದಲ್ಲೇ. ದಾನಿಯೇಲನಿಗೆ ಇದು ಗೊತ್ತಿರಲಿಲ್ಲ. ಸಭೆಯವರಿಗೂ ಸಾವಿರದೆಂಟುನೂರು ವರ್ಷ ಗೊತ್ತಿರಲಿಲ್ಲ. ಡಾರ್ಬಿಗೆ ಗೊತ್ತಾಯಿತು.

ಮತ್ತೆ ಗಡಿಯಾರ ಓಡಲು ಮೊದಲು ಸಭೆ ಜಾಗ ಖಾಲಿ ಮಾಡಬೇಕು. ಕರ್ತನ ಗುಟ್ಟಿನ ಬರೋಣವಾಗಿ, ನಿಜವಾದ ವಿಶ್ವಾಸಿಗಳೆಲ್ಲ ಒಂದು ಕ್ಷಣದಲ್ಲಿ ಆಕಾಶಕ್ಕೆ ಎತ್ತಲ್ಪಡುತ್ತಾರೆ. ಇದೇ ರ‍್ಯಾಪ್ಚರ್. ಉಳಿದವರಿಗೆ ಏಳು ವರ್ಷ ಮಹಾಸಂಕಟ, ಕ್ರಿಸ್ತವಿರೋಧಿಯ ಆಳ್ವಿಕೆ, ಕೊನೆಗೆ ಹರ್ಮಗೆದ್ದೋನಿನ ಯುದ್ಧ, ಆಮೇಲೆ ಸಾವಿರ ವರ್ಷದ ರಾಜ್ಯ. ಎತ್ತಲ್ಪಡುವವರು ಮೇಲಿನಿಂದ ನೋಡುತ್ತಾರೆ. ವ್ಯವಸ್ಥೆಯ ಆಕರ್ಷಣೆ ಇರುವುದು ಇಲ್ಲೇ ಎಂದು ನನ್ನ ಗುಮಾನಿ. ಪ್ರಳಯವನ್ನು ಬಾಲ್ಕನಿಯಿಂದ ನೋಡುವ ಅವಕಾಶ ಬೇರೆ ಯಾವ ಮತ ಕೊಟ್ಟಿದೆ?

483 ವರ್ಷ ಸರಿಯಾಗಿ ಮುಗಿಯಿತು ಎಂದೆನಲ್ಲ, ಅದನ್ನು ದಿನದ ಲೆಕ್ಕದಲ್ಲಿ ಸಾಧಿಸಿ ತೋರಿಸಿದವರು ಸರ್ ರಾಬರ್ಟ್ ಆಂಡರ್ಸನ್. ಕ್ರಿಸ್ತಪೂರ್ವ 445ರ ಮಾರ್ಚ್ 14ರಿಂದ ಕ್ರಿಸ್ತಶಕ 32ರ ಏಪ್ರಿಲ್ 6ರ ತನಕ 1,73,880 ದಿನ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಲೆಕ್ಕ ತಾಳೆಯಾಗಲು ವರ್ಷಕ್ಕೆ 365 ದಿನ ಇಟ್ಟರೆ ಆಗುವುದಿಲ್ಲ, 360 ಇಡಬೇಕು. ಅದಕ್ಕೆ 'ಪ್ರವಾದನಾ ವರ್ಷ' ಎಂದು ಹೆಸರಿಟ್ಟರೆ ಆಯಿತು. ಈ ಆಂಡರ್ಸನ್ ಸಾಹೇಬರ ಹಗಲಿನ ನೌಕರಿ ಏನು ಗೊತ್ತೇ? ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿನಲ್ಲಿ ಅಪರಾಧ ತನಿಖಾ ವಿಭಾಗದ ಮುಖ್ಯಸ್ಥರು. 1888ರಲ್ಲಿ, ಜ್ಯಾಕ್ ದಿ ರಿಪ್ಪರ್ ಎಂಬ ಕೊಲೆಗಡುಕ ವೈಟ್‌ಚಾಪೆಲಿನ ಬೀದಿಗಳಲ್ಲಿ ಹೆಂಗಸರನ್ನು ಕೊಲ್ಲುತ್ತಿದ್ದ ಹೊತ್ತಿನಲ್ಲಿ, ಅವರು ಆ ಹುದ್ದೆಗೆ ಬಂದರು. ಬಂದವರೇ ರಜೆ ಹಾಕಿ ಸ್ವಿಟ್ಜರ್ಲೆಂಡಿಗೆ ಹೋದರು. ಕೊಲೆಗಾರ ಇಂದಿಗೂ ಸಿಕ್ಕಿಲ್ಲ. ತಮ್ಮದೇ ಊರಿನಲ್ಲಿ, ಹಿಂದಿನ ವಾರ, ಯಾರು ಏನು ಮಾಡಿದರೆಂದು ಹೇಳಲಾಗದವರು ಎರಡು ಸಾವಿರ ವರ್ಷದ ಹಿಂದೆ ಯೇಸು ಜೆರುಸಲೇಮಿಗೆ ಬಂದ ಕತ್ತೆಮರಿಯ ಮೆರವಣಿಗೆಯ ತಾರೀಖನ್ನು ಖಚಿತವಾಗಿ ಹೇಳಿದರು. ಇಂದಿಗೂ ಅವರ ಪುಸ್ತಕ ಸಿಗುತ್ತದೆ.

ಡಾರ್ಬಿ ಬಿತ್ತಿದ್ದನ್ನು ಬೆಳೆ ಮಾಡಿದ್ದು ಸೈರಸ್ ಸ್ಕೋಫೀಲ್ಡ್. ಆತ ಮೂಲತಃ ವಕೀಲ. ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ 1909ರಲ್ಲಿ ಆತನ ಟಿಪ್ಪಣಿ ಸಹಿತವಾದ ಬೈಬಲ್ ಪ್ರಕಟಿಸಿತು. ವಕೀಲಿ ಬುದ್ಧಿ ಎಂದರೆ ಇದು: ತನ್ನ ಅಭಿಪ್ರಾಯವನ್ನು ಬೇರೆ ಪುಸ್ತಕವಾಗಿ ಬರೆದಿದ್ದರೆ ಓದುಗ ಒಪ್ಪಬಹುದಿತ್ತು, ಬಿಡಬಹುದಿತ್ತು. ಸ್ಕೋಫೀಲ್ಡ್ ಅದನ್ನು ದೇವರ ವಾಕ್ಯದ ಕೆಳಗೆ, ಅದೇ ಪುಟದಲ್ಲಿ, ಒಂದು ಗೆರೆ ಎಳೆದು ಅಚ್ಚು ಹಾಕಿಸಿದ. ಮೇಲೆ ಪ್ರವಾದಿ ಯೆಹೆಜ್ಕೇಲ, ಕೆಳಗೆ ಸ್ಕೋಫೀಲ್ಡ್. ಕೆಲವು ವರ್ಷ ಓದಿದ ಮೇಲೆ ಗೆರೆ ಎಲ್ಲಿತ್ತು ಎಂಬುದು ಓದುಗನಿಗೆ ಮರೆತುಹೋಗುತ್ತದೆ. 'ಬೈಬಲಿನಲ್ಲೇ ಇದೆ' ಎಂದು ಅಮೆರಿಕದ ಸಣ್ಣ ಊರುಗಳ ಜನ ಆಣೆ ಮಾಡಿ ಹೇಳುವ ಎಷ್ಟೋ ಸಂಗತಿ ಇರುವುದು ಗೆರೆಯ ಕೆಳಗೆ.

ಯುಗವಿಭಾಗದವರ ಹೆಮ್ಮೆ ಒಂದೇ. ನಾವು ಬೈಬಲನ್ನು ಇದ್ದದ್ದು ಇದ್ದ ಹಾಗೆ, ಅಕ್ಷರಶಃ ಓದುತ್ತೇವೆ. ಬೇರೆಯವರು ರೂಪಕ, ಸಂಕೇತ ಎಂದು ಸುತ್ತಿ ಬಳಸುತ್ತಾರೆ. 1965ರಲ್ಲಿ ಚಾರ್ಲ್ಸ್ ರೈರೀ ಈ ಪಂಥದ ಲಕ್ಷಣಗಳನ್ನು ಪಟ್ಟಿ ಮಾಡಿದಾಗ ಅಕ್ಷರಶಃ ಓದು ಎನ್ನುವುದು ಅದರ ಮೂರು ಕಂಬಗಳಲ್ಲಿ ಒಂದಾಗಿತ್ತು. ಒಳ್ಳೆಯದೇ. ಹಾಗಾದರೆ ಅಕ್ಷರಶಃ ಓದಿದಾಗ ಏನೇನು ಸಿಗುತ್ತದೆ ನೋಡೋಣ.

ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಒಂಬತ್ತನೇ ಅಧ್ಯಾಯದಲ್ಲಿ ಪಾತಾಳದ ಹೊಗೆಯಿಂದ ಮಿಡತೆಗಳು ಬರುತ್ತವೆ. ಹಾಲ್ ಲಿಂಡ್ಸೆ ಎಂಬ ಪ್ರಖ್ಯಾತ ಅಕ್ಷರಶಃ ಓದುಗನಿಗೆ ಅವುಗಳಲ್ಲಿ ಕೋಬ್ರಾ ಹೆಲಿಕಾಪ್ಟರ್ ಕಂಡಿತು. ಆಗ ವಿಯೆಟ್ನಾಂ ಯುದ್ಧದ ಕಾಲ. ಟೀವಿಯಲ್ಲಿ ದಿನವೂ ಹೆಲಿಕಾಪ್ಟರ್ ಹಾರುತ್ತಿತ್ತು. ಅದೇ ಅಧ್ಯಾಯದ ಇಪ್ಪತ್ತು ಕೋಟಿ ಕುದುರೆ ಸವಾರರು ಚೀನಾದ ಸೈನ್ಯ. ಯೆಹೆಜ್ಕೇಲನ ಮೂವತ್ತೆಂಟನೇ ಅಧ್ಯಾಯದ ಮೆಷೆಕ್ ಎಂದರೆ ಮಾಸ್ಕೋ, ತೂಬಲ್ ಎಂದರೆ ಸೈಬೀರಿಯಾದ ತೊಬೋಲ್ಸ್ಕ್. ಇದು ಸ್ಕೋಫೀಲ್ಡನ ಗೆರೆಯ ಕೆಳಗಿನ ಕೊಡುಗೆ. ಮ ಗೆ ಮ ಸೇರಿತು, ತ ಗೆ ತ ಸೇರಿತು, ಭೂಗೋಳ ಮುಗಿಯಿತು. ಈ ನ್ಯಾಯದಲ್ಲಿ ನಮ್ಮ ತುಮಕೂರೂ ತೂಬಲ್ ಆಗಬಹುದಿತ್ತು. ಅಣುಬಾಂಬು ಇಲ್ಲದ್ದರಿಂದ ತಪ್ಪಿಸಿಕೊಂಡಿತು.

ಇನ್ನು ದಾನಿಯೇಲನ ಮೃಗದ ಹತ್ತು ಕೊಂಬು. ಅದು ಮತ್ತೆ ಎದ್ದುಬರುವ ರೋಮ್ ಸಾಮ್ರಾಜ್ಯ, ಅಂದರೆ ಯುರೋಪಿನ ಸಾಮಾನ್ಯ ಮಾರುಕಟ್ಟೆ ಎಂದು ಎಪ್ಪತ್ತರ ದಶಕದಲ್ಲಿ ಖಚಿತವಾಗಿತ್ತು. 1981ರಲ್ಲಿ ಗ್ರೀಸ್ ಸೇರಿ ಹತ್ತು ದೇಶಗಳಾದಾಗ ಎಷ್ಟು ಮನೆಗಳಲ್ಲಿ ಬೆನ್ನುಹುರಿ ನಡುಗಿತೋ. 1986ರಲ್ಲಿ ಸ್ಪೇನ್, ಪೋರ್ಚುಗಲ್ ಬಂದು ಹನ್ನೆರಡಾಯಿತು. ಈಗ ಇಪ್ಪತ್ತೇಳು. ಇಪ್ಪತ್ತೆಂಟಿದ್ದದ್ದು ಬ್ರಿಟನ್ ಹೊರಟುಹೋಗಿ ಒಂದು ಕಡಿಮೆಯಾಯಿತು. ಪಾಪ ಆ ಮೃಗಕ್ಕೆ ತಲೆ ಎತ್ತಲೂ ಆಗದಷ್ಟು ಕೊಂಬು. ಪ್ರವಾದನೆಯ ತಪ್ಪೇನೂ ಇಲ್ಲ, ಬ್ರಸೆಲ್ಸಿನವರಿಗೆ ಬೈಬಲ್ ಓದುವ ಅಭ್ಯಾಸವಿಲ್ಲ, ಅಷ್ಟೆ.

ಎಲ್ಲವೂ ಅಕ್ಷರಶಃ ಎಂದ ಮೇಲೆ ಯೆಹೆಜ್ಕೇಲನ ಆಯುಧಗಳ ಗತಿಯೇನು? ಅಲ್ಲಿ ಮೆಷೆಕ್, ತೂಬಲ್‌ಗಳ ಒಡೆಯನಾದ ಗೋಗನ ಸೈನ್ಯದ ಬಿಲ್ಲು ಬಾಣ ಗುರಾಣಿಗಳನ್ನು ಇಸ್ರಾಯೇಲಿನ ಜನ ಏಳು ವರ್ಷ ಸೌದೆಯಾಗಿ ಉರಿಸುತ್ತಾರೆ. ಬಾಣವೆಂದರೆ ಕ್ಷಿಪಣಿ ಎಂದು ಕೆಲವರು. ಕ್ಷಿಪಣಿ ಒಲೆಗೆ ಇಡಲಾಗುವುದಿಲ್ಲವಲ್ಲ ಎಂದು ಇನ್ನು ಕೆಲವರು. ಹಾಗಾಗಿ ಅಷ್ಟು ಹೊತ್ತಿಗೆ ಜಗತ್ತು ನಿಶ್ಶಸ್ತ್ರೀಕರಣವಾಗಿ ರಷ್ಯಾ ಮತ್ತೆ ಮರದ ಬಿಲ್ಲು ಹಿಡಿದು ಕುದುರೆ ಏರಿ ಬಂದೀತು ಎಂದು ವಾದಿಸಿದವರೂ ಇದ್ದಾರೆ. ಇವರನ್ನು ಕಂಡರೆ ನನಗೆ ಗೌರವ. ಹೆಲಿಕಾಪ್ಟರಿನವರಿಗಿಂತ ಇವರದು ಪ್ರಾಮಾಣಿಕ ಹುಚ್ಚು.

ನಮ್ಮ ಮೈಲಾರದಲ್ಲಿ ಗೊರವಯ್ಯ ವರ್ಷಕ್ಕೊಮ್ಮೆ ಬಿಲ್ಲೇರಿ, ಆಕಾಶ ನೋಡಿ, ಒಂದೇ ಒಂದು ಸಾಲು ಕಾರ್ಣಿಕ ನುಡಿದು ಕೆಳಗೆ ಬೀಳುತ್ತಾನೆ. ಅದರ ಅರ್ಥ ಮಳೆಯೋ, ಬೆಳೆಯೋ, ಮುಖ್ಯಮಂತ್ರಿಯೋ ಎಂದು ಜನ ವರ್ಷವಿಡೀ ಚರ್ಚಿಸುತ್ತಾರೆ. ಆದರೆ ಚರ್ಚಿಸುವವರು ಕಾರ್ಣಿಕವನ್ನು ಅರ್ಥೈಸುತ್ತಿದ್ದೇವೆ ಎಂದು ಒಪ್ಪಿಕೊಂಡೇ ಚರ್ಚಿಸುತ್ತಾರೆ. ಲಿಂಡ್ಸೆಯ ಶಿಷ್ಯರು ಹಾಗಲ್ಲ. ಅವರ ಪ್ರಕಾರ ಅವರು ಏನನ್ನೂ ಅರ್ಥೈಸುತ್ತಿಲ್ಲ, ಬರೆದದ್ದನ್ನು ಓದುತ್ತಿದ್ದಾರೆ. ನಿಜಕ್ಕೂ ಓದುತ್ತಿರುವುದು ಆ ದಿನದ ವೃತ್ತಪತ್ರಿಕೆ. ಅದರ ಕೆಳಗೆ ಗೆರೆ ಎಳೆದು ಟಿಪ್ಪಣಿಯಾಗಿ ಬೈಬಲ್ ಹಾಕಿಕೊಂಡಿದ್ದಾರೆ.

ಲಿಂಡ್ಸೆಯ ಮೊದಲ ಪುಸ್ತಕ 1970ರದು. ಭೂಮಿಯನ್ನು 'ದಿವಂಗತ' ಎಂದು ಕರೆದದ್ದು ಅದರ ಶೀರ್ಷಿಕೆಯ ಚಮತ್ಕಾರ. ಕೋಟಿಗಟ್ಟಲೆ ಪ್ರತಿ ಖರ್ಚಾಯಿತು. ಆ ದಶಕದಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ 'ಕಥೆಯಲ್ಲದ' ಪುಸ್ತಕ ಅದೇ ಎಂದು ನ್ಯೂಯಾರ್ಕ್ ಟೈಮ್ಸ್ ಘೋಷಿಸಿತು. ವರ್ಗೀಕರಣ ಮಾಡಿದ ಗುಮಾಸ್ತನ ಹಾಸ್ಯಪ್ರಜ್ಞೆಗೆ ನಮಸ್ಕಾರ. ಲಿಂಡ್ಸೆ ತಾರೀಖು ಹೇಳಲಿಲ್ಲ, ಜಾಣ. ಕೂಡುವ ಲೆಕ್ಕ ಕೊಟ್ಟ. ಅಂಜೂರದ ಮರ ಚಿಗುರಿದ್ದನ್ನು ಕಂಡ ಪೀಳಿಗೆ ಅಳಿಯುವ ಮೊದಲು ಎಲ್ಲ ನೆರವೇರುತ್ತದೆ ಎಂದು ಮತ್ತಾಯನ ಸುವಾರ್ತೆಯಲ್ಲಿದೆ. ಅಂಜೂರವೆಂದರೆ ಇಸ್ರೇಲ್, ಅದು ಚಿಗುರಿದ್ದು 1948ರಲ್ಲಿ, ಬೈಬಲಿನಲ್ಲಿ ಪೀಳಿಗೆಯೆಂದರೆ ಸುಮಾರು 40 ವರ್ಷ. ಕೂಡಿಸಿಕೊಳ್ಳಿ.

ಎಡ್ಗರ್ ವಿಸೆನಂಟ್ ಎಂಬ ಹಳೆಯ ನಾಸಾ ಎಂಜಿನಿಯರ್ ಕೂಡಿಸಿಕೊಂಡ. ರ‍್ಯಾಪ್ಚರ್ 1988ರಲ್ಲೇ ಆಗುವುದಕ್ಕೆ 88 ಕಾರಣಗಳಿವೆ ಎಂದು ಪುಸ್ತಕ ಬರೆದ. ಸೆಪ್ಟೆಂಬರ್ 11ರಿಂದ 13ರ ನಡುವೆ. 'ಆ ದಿನವೂ ಆ ಗಳಿಗೆಯೂ ಯಾರಿಗೂ ತಿಳಿಯದು' ಎಂದು ಯೇಸುವೇ ಹೇಳಿದ್ದಾನಲ್ಲ ಎಂದು ಕೇಳಿದವರಿಗೆ ಉತ್ತರ ಸಿದ್ಧವಿತ್ತು: ದಿನ, ಗಳಿಗೆ ತಿಳಿಯದು ನಿಜ, ವಾರ, ತಿಂಗಳು, ವರ್ಷ ತಿಳಿಯಬಾರದು ಎಂದು ಎಲ್ಲಿ ಹೇಳಿದೆ? ಬೆಂಗಳೂರಿನ ಯಾವ ಲ್ಯಾಂಡ್ ಬ್ರೋಕರೂ ಕರಾರು ಪತ್ರದಲ್ಲಿ ಇಂಥ ಕಿಂಡಿ ಹುಡುಕಿರಲಾರ. ಪಾದ್ರಿಗಳಿಗೆ ಲಕ್ಷಗಟ್ಟಲೆ ಪ್ರತಿ ಪುಕ್ಕಟೆ ಹಂಚಲಾಯಿತು. ಹದಿಮೂರನೇ ತಾರೀಖು ಬಂತು, ಹೋಯಿತು. ಹದಿನಾಲ್ಕಕ್ಕೆ ಜನ ಎಂದಿನಂತೆ ಕೆಲಸಕ್ಕೆ ಹೋದರು. ವಿಸೆನಂಟ್ ಮರುವರ್ಷ 1989ಕ್ಕೆ ಹೊಸ ಪುಸ್ತಕ ತಂದ. ಕ್ರಿಸ್ತಶಕದಲ್ಲಿ ಸೊನ್ನೆಯ ವರ್ಷವಿಲ್ಲ, ಆದ್ದರಿಂದ ಒಂದು ವರ್ಷ ವ್ಯತ್ಯಾಸ ಬಂತಂತೆ. ನಾಸಾದಲ್ಲಿ ಯಾವ ವಿಭಾಗದಲ್ಲಿದ್ದನೋ!

ಈಗ ಪೀಳಿಗೆಯನ್ನು ಎಳೆದು ಉದ್ದ ಮಾಡಲಾಗಿದೆ. ನಲವತ್ತರಲ್ಲಿ ಆಗಲಿಲ್ಲ. 1948ರ ಬದಲು ಜೆರುಸಲೇಮ್ ಕೈವಶವಾದ 1967ರಿಂದ ಎಣಿಸಿ ನೋಡಿದರು, 2007ಕ್ಕೂ ಆಗಲಿಲ್ಲ. ಕೀರ್ತನೆಗಳ ತೊಂಬತ್ತನೇ ಅಧ್ಯಾಯದಲ್ಲಿ ಮನುಷ್ಯನ ಆಯುಷ್ಯ ಎಪ್ಪತ್ತು, ಬಲವಿದ್ದರೆ ಎಂಬತ್ತು ಎಂದಿದೆ. 1948ಕ್ಕೆ 80 ಕೂಡಿಸಿದರೆ 2028. ಸ್ವತಃ ಲಿಂಡ್ಸೆ 2024ರಲ್ಲಿ, 95ನೇ ವಯಸ್ಸಿನಲ್ಲಿ, ಎತ್ತಲ್ಪಡದೆ ಎಲ್ಲರಂತೆ ತೀರಿಕೊಂಡ. ಭೂಮಿ ಸಂತಾಪ ಸೂಚಿಸಲಿಲ್ಲ.

ಕ್ರಿಸ್ತವಿರೋಧಿಯ ಹುದ್ದೆಗೆ ಬಂದ ಅರ್ಜಿಗಳನ್ನು ನೋಡಿದರೆ ಕೆಪಿಎಸ್‌ಸಿ ಬೆಚ್ಚಬೇಕು. ಲೂಥರನ ಕಾಲದಿಂದ ಪೋಪ್ ಕಾಯಂ ಅಭ್ಯರ್ಥಿ. ನಡುವೆ ನೆಪೋಲಿಯನ್. ಇಪ್ಪತ್ತು ಮೂವತ್ತರ ದಶಕದಲ್ಲಿ ಮುಸೊಲಿನಿಗೆ ಭಾರಿ ಬೆಂಬಲವಿತ್ತು; ರೋಮಿನಲ್ಲೇ ಕೂತಿದ್ದ, ಸಾಮ್ರಾಜ್ಯ ಕಟ್ಟುತ್ತೇನೆ ಎನ್ನುತ್ತಿದ್ದ, ಇನ್ನೇನು ಬೇಕು? 1945ರಲ್ಲಿ ಮಿಲಾನಿನ ಪೆಟ್ರೋಲ್ ಬಂಕಿನಲ್ಲಿ ಆತನ ಹೆಣ ತಲೆಕೆಳಗಾಗಿ ತೂಗಿದ ಮೇಲೆ ಹೆಸರು ಹೊಡೆದುಹಾಕಿದರು. ಗೋರ್ಬಚೇವರ ನೆತ್ತಿಯ ಮಚ್ಚೆ ಮೃಗದ ಗುರುತು ಎಂದರು. ಸದ್ದಾಂ ಬಾಬೆಲಿನ ಗೋಡೆಗೆ ಇಟ್ಟಿಗೆ ಇಡಿಸಿದಾಗ ಕೆಲಕಾಲ ಆತನದೇ ಹೆಸರು. ರೊನಾಲ್ಡ್ ವಿಲ್ಸನ್ ರೇಗನ್ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಮೂರು ಪದಕ್ಕೂ ಆರಾರು ಅಕ್ಷರ, ಅಂದರೆ ಪ್ರಕಟನೆಯ ಮೃಗದ ಸಂಖ್ಯೆ 666. ವಿಚಿತ್ರವೆಂದರೆ ರೇಗನ್ ಸ್ವತಃ ಇಂಥ ಪುಸ್ತಕಗಳ ಅಭಿಮಾನಿ. ಅಧ್ಯಕ್ಷಗಿರಿ ಮುಗಿಸಿ ಲಾಸ್ ಏಂಜಲಿಸಿನಲ್ಲಿ ಸೇರಿಕೊಂಡ ಮನೆಯ ನಂಬರು 666 ಆಗಿತ್ತು. ಅದನ್ನು 668 ಎಂದು ಬದಲಾಯಿಸಲಾಯಿತು. ಕೋಟ್ಯಂತರ ಪ್ರತಿ ಹೋದ 'ಲೆಫ್ಟ್ ಬಿಹೈಂಡ್' ಕಾದಂಬರಿ ಮಾಲೆ ಈ ಹುದ್ದೆಯನ್ನು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗೆ ಕೊಟ್ಟಿತು. ವಿಶ್ವಸಂಸ್ಥೆಗೆ ಲೋಕವನ್ನು ಆಳುವಷ್ಟು ತಾಕತ್ತಿದೆ ಎಂದು ನಂಬುವವರು ಈ ಭೂಮಿಯ ಮೇಲೆ ಇವರೊಬ್ಬರೇ. ಇಷ್ಟು ವಿಶ್ವಾಸ ಇದೆ ಎಂದು ತಿಳಿದರೆ ನ್ಯೂಯಾರ್ಕಿನ ಆ ಕಟ್ಟಡದಲ್ಲಿ ಸಿಹಿ ಹಂಚುತ್ತಾರೆ.

ಹೊರಗಿನವರಿಗೆ ಇವರೆಲ್ಲ ಒಂದೇ ಗುಂಪಿನಂತೆ ಕಾಣುತ್ತಾರೆ. ಒಳಗೆ ಹೋಗಿ ನೋಡಿ. ಸಭೆ ಎತ್ತಲ್ಪಡುವುದು ಮಹಾಸಂಕಟಕ್ಕೆ ಮೊದಲೋ, ನಡುವೆಯೋ, ಕೊನೆಯಲ್ಲೋ ಎಂಬುದರ ಮೇಲೆ ಸ್ನೇಹ ಮುರಿದಿದೆ, ಸಭೆಗಳು ಒಡೆದಿವೆ. ಮೊದಲು ಎನ್ನುವವರು ಕೊನೆ ಎನ್ನುವವರನ್ನು ನಂಬಿಕೆ ಸಾಲದವರು ಎನ್ನುತ್ತಾರೆ. ಕೊನೆ ಎನ್ನುವವರು ಮೊದಲು ಎನ್ನುವವರನ್ನು ಹೇಡಿಗಳು ಎನ್ನುತ್ತಾರೆ. ಎಂಬತ್ತರ ದಶಕದಿಂದೀಚೆಗೆ 'ಪ್ರಗತಿಪರ' ಯುಗವಿಭಾಗದವರು ಹುಟ್ಟಿದ್ದಾರೆ. ದಾವೀದನ ಸಿಂಹಾಸನದ ಮೇಲೆ ಯೇಸು ಈಗಾಗಲೇ ಕೂತಿದ್ದಾನೆ, ಆದರೆ ಪೂರ್ತಿ ಕೂತಿಲ್ಲ ಎಂಬುದು ಅವರ ನಿಲುವು. ಹಳಬರು ಇದನ್ನು ದ್ರೋಹವೆಂದು ಬಗೆದರು. ಇನ್ನೊಂದು ತುದಿಯಲ್ಲಿ ಅತಿ ಯುಗವಿಭಾಗದವರು. ಅವರ ಪ್ರಕಾರ ನಮ್ಮ ಕಾಲದ ಸಭೆ ಶುರುವಾದದ್ದು ಅಪೊಸ್ತಲರ ಕೃತ್ಯಗಳ ಕೊನೆಯ ಅಧ್ಯಾಯದ ಆಚೆ. ಆದ್ದರಿಂದ ಸುವಾರ್ತೆಗಳಿರಲಿ, ಪೌಲನ ಮೊದಲ ಪತ್ರಗಳೂ ನೇರವಾಗಿ ನಮಗೆ ಬರೆದದ್ದಲ್ಲ. ಅಕ್ಷರಶಃ ಓದುತ್ತಾ ಓದುತ್ತಾ ಬೈಬಲಿನಲ್ಲಿ ತಮಗೆಂದು ಬರೆದ ಭಾಗ ಪೌಲನ ಕೊನೆಯ ಕೆಲವು ಪತ್ರಗಳಿಗೆ ಇಳಿದಿದೆ. ಇನ್ನೊಂದು ತಲೆಮಾರು ಹೋದರೆ ಬೈಂಡಿಂಗ್ ಮಾತ್ರ ಉಳಿಯಬಹುದು.

ಎದುರು ಪಾಳೆಯದವರೇನು ಕಡಿಮೆಯಲ್ಲ. ಎಲ್ಲವೂ ಕ್ರಿಸ್ತಶಕ 70ರಲ್ಲಿ ಜೆರುಸಲೇಮ್ ದೇವಾಲಯ ಸುಟ್ಟಾಗಲೇ ನೆರವೇರಿತು, ನೀರೋನೇ ಮೃಗ ಎನ್ನುವವರಿದ್ದಾರೆ. ನೀರೋ ಕೈಸರನ ಹೆಸರನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ಕೂಡಿಸಿದರೆ 666 ಬರುತ್ತದೆ. ಲ್ಯಾಟಿನ್ ರೀತಿಯಲ್ಲಿ ಒಂದು ಅಕ್ಷರ ಬಿಟ್ಟರೆ 616, ಕೆಲವು ಹಳೆಯ ಪ್ರತಿಗಳಲ್ಲಿ ಆ ಸಂಖ್ಯೆಯೂ ಇದೆ. ಇವರ ವಾದ ಸಾಕಷ್ಟು ಗಟ್ಟಿ. ಆದರೆ ಇವರ ಪುಸ್ತಕ ಮಾರಾಟವಾಗುವುದಿಲ್ಲ. ಮುಗಿದುಹೋದ ಪ್ರಳಯಕ್ಕೆ ಟಿಕೆಟ್ ತೆಗೆದುಕೊಳ್ಳುವವರು ಯಾರು?

ಇದೆಲ್ಲ ಸಾಗರದಾಚೆಯ ಕತೆ, ನಮಗೇನು ಸಂಬಂಧ ಎನ್ನಬೇಡಿ. ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಎಂಬ ಮಹಾ ವಿದ್ವಾಂಸನಿದ್ದ. ಹೊಸ ಒಡಂಬಡಿಕೆಯ ಗ್ರೀಕ್ ಪಾಠವನ್ನು ಶಾಸ್ತ್ರೀಯವಾಗಿ ಪರಿಷ್ಕರಿಸಿದ ಮೊದಲಿಗರಲ್ಲಿ ಒಬ್ಬ. ಅಂಥವನಿಗೂ ಲೆಕ್ಕದ ಚಟ. ಸಾವಿರ ವರ್ಷದ ಕಾಲ 1836ರ ಜೂನಿನಲ್ಲಿ ಆರಂಭವಾಗುತ್ತದೆ ಎಂದು ಎಣಿಸಿಟ್ಟ. 1752ರಲ್ಲಿ ತೀರಿಕೊಂಡ. ಈ ಕಸುಬಿನಲ್ಲಿ ಇದೇ ಪರಮ ಬುದ್ಧಿವಂತಿಕೆ: ಗಡುವು ನಮ್ಮ ಸಾವಿನಿಂದ ಒಂದು ಎಂಬತ್ತು ವರ್ಷ ಆಚೆ ಇರಬೇಕು. ನ್ಯೂಟನ್ ಮಹಾಶಯನೂ 2060ಕ್ಕಿಂತ ಮುಂಚೆ ಏನೂ ಆಗದು ಎಂದು ಹಾಳೆಯ ಮೇಲೆ ಗೀಚಿ ಸುಮ್ಮನಾದ. ಬೆಂಗೆಲನ ಲೆಕ್ಕ ನಂಬಿದ ವುರ್ಟೆಂಬರ್ಗಿನ ಸಾವಿರಾರು ರೈತಾಪಿ ಜನ 1817ರ ಸುಮಾರಿಗೆ ಹೊಲ ಮನೆ ಮಾರಿ, ರಷ್ಯಾದ ಸೀಮೆಗೆ, ಕಾಕಸಸ್ ಬೆಟ್ಟಗಳ ಕಡೆಗೆ ಗಾಡಿ ಕಟ್ಟಿದರು. ದಾರಿಯಲ್ಲೇ ರೋಗ ಬಂದು ಎಷ್ಟೋ ಜನ ಸತ್ತರು.

ಅದೇ ವುರ್ಟೆಂಬರ್ಗಿನ ಭಕ್ತಿಪಂಥದ ಮನೆಗಳಿಂದ ಬಾಸೆಲ್ ಮಿಶನ್ನಿಗೆ ಹುಡುಗರು ಬರುತ್ತಿದ್ದರು. ಮಿಶನ್ನಿನವರು ಮಂಗಳೂರಿನಲ್ಲಿ ಇಳಿದದ್ದು 1834ರಲ್ಲಿ. ಹರ್ಮನ್ ಮೋಗ್ಲಿಂಗ್ ಬಂದದ್ದು ಸಾಕ್ಷಾತ್ 1836ರಲ್ಲೇ. ಸಾವಿರ ವರ್ಷದ ರಾಜ್ಯ ಬರಬೇಕಿದ್ದ ವರ್ಷದಲ್ಲಿ ಮಂಗಳೂರಿಗೆ ಮೋಗ್ಲಿಂಗ್ ಬಂದರು. ಕನ್ನಡದವರಿಗೆ ಈ ವಿನಿಮಯದಲ್ಲಿ ನಷ್ಟವೇನೂ ಆಗಲಿಲ್ಲ.

ಏಳು ವರ್ಷ ಕಳೆಯಿತು. ಅತ್ತ ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ರೈತ ದಾನಿಯೇಲನ 2,300 ದಿನಗಳನ್ನು ವರ್ಷಗಳಾಗಿ ಎಣಿಸಿ, 1843ರ ಮಾರ್ಚಿನಿಂದ 1844ರ ಮಾರ್ಚಿನೊಳಗೆ ಕರ್ತನ ಬರೋಣ ಎಂದು ಸಾರಿದ್ದ. ಗಡುವು ಮೀರಿದಾಗ 1844ರ ಅಕ್ಟೋಬರ್ 22 ಎಂದು ತಿದ್ದಿದರು. ಕೆಲವರು ಬೆಳೆ ಕೊಯ್ಯದೆ ಹೊಲದಲ್ಲೇ ಬಿಟ್ಟರು. ರಾತ್ರಿಯಿಡೀ ಕಾದರು, ಬೆಳಗಾಯಿತು, ಅತ್ತರು. ತಾರೀಖು ಸರಿಯೇ, ನಡೆದದ್ದು ಮಾತ್ರ ಪರಲೋಕದಲ್ಲಿ, ನಮಗೆ ಕಾಣಲಿಲ್ಲ ಎಂದು ಆಮೇಲೆ ವಿವರಣೆ ಹುಟ್ಟಿತು. ಮಿಲ್ಲರನ ವರ್ಷ ನಡೆಯುತ್ತಿರುವಾಗಲೇ, 1843ರ ಜುಲೈ 1ರಂದು, ಇತ್ತ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನ ಮೇಲೆ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಡಿಸಿದರು. ಹದಿನೈದು ದಿನಕ್ಕೊಂದು ಸಂಚಿಕೆ. ಊರ ವರ್ತಮಾನ, ಸರ್ಕಾರದ ನಿರೂಪ, ಕತೆ. ಮುಂದಿನ ಮಾರ್ಚಿನಲ್ಲಿ ಲೋಕ ಮುಗಿಯುತ್ತದೆ ಎಂದು ನಂಬಿದವರು ಪಾಕ್ಷಿಕ ಪತ್ರಿಕೆ ತೆಗೆಯುವುದಿಲ್ಲ. ಚಂದಾ ಬಾಕಿ ವಸೂಲಿಗಾದರೂ ಲೋಕ ಇರಬೇಕು. ಮುಂದೆ ಅದೇ ಮಿಶನ್ನಿನ ಕಿಟೆಲ್ ದಶಕಗಟ್ಟಲೆ ಕೂತು 1894ರಲ್ಲಿ ನಿಘಂಟು ಮುಗಿಸಿದರು. ಅಷ್ಟರಲ್ಲಿ ಎಷ್ಟು ಪ್ರಳಯ ಆಗಿಹೋದವೋ ಅವರಿಗೆ ಗೊತ್ತಾಗಿರಲಿಕ್ಕಿಲ್ಲ.

ಮಿಲ್ಲರನ ಅವಮಾನದಿಂದ ಯುಗವಿಭಾಗದವರು ಪಾಠ ಕಲಿತರು. ಆತನದು ಓಡುವ ಗಡಿಯಾರ, ಆದ್ದರಿಂದ ತಪ್ಪು ಕಂಡುಹಿಡಿಯಬಹುದಿತ್ತು. ಇವರದು ನಿಂತ ಗಡಿಯಾರ. ಯಾವಾಗ ಬೇಕಾದರೂ ಓಡಬಹುದು, ಆದರೆ ಯಾವಾಗ ಓಡುತ್ತದೆ ಎಂದು ಹೇಳುವ ಹಂಗಿಲ್ಲ. ವಿಸೆನಂಟನಂಥ ಅವಸರದವರು ಮಾತ್ರ ಸಿಕ್ಕಿಬೀಳುತ್ತಾರೆ. ಉಳಿದವರು 'ನಾವು ತಾರೀಖು ಹೇಳುವವರಲ್ಲ' ಎಂದು ಗಂಭೀರವಾಗಿ ನುಡಿದು, ಮರುದಿನವೇ 'ಕಾಲದ ಸೂಚನೆಗಳು' ಎಂಬ ಭಾಷಣಕ್ಕೆ ಹೋಗುತ್ತಾರೆ. ಇದು ಸೋಲಿಲ್ಲದ ವ್ಯಾಪಾರ.

ವ್ಯಾಪಾರವಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಈ ಪ್ರಳಯದ ನಕ್ಷೆಯ ಮೇಲೆ ನಿಜವಾದ ಜನ ಇದ್ದಾರೆ. 2018ರ ಮೇ 14ರಂದು ಅಮೆರಿಕ ತನ್ನ ರಾಯಭಾರ ಕಚೇರಿಯನ್ನು ಜೆರುಸಲೇಮಿನಲ್ಲಿ ತೆರೆದಾಗ ಪ್ರಾರ್ಥನೆ ಮಾಡಿದವರು ಡಲ್ಲಾಸಿನ ಪಾದ್ರಿ ರಾಬರ್ಟ್ ಜೆಫ್ರೆಸ್ ಮತ್ತು ಸ್ಯಾನ್ ಆಂಟೋನಿಯೋದ ಪಾದ್ರಿ ಜಾನ್ ಹೇಗೀ. 2014-15ರ ನಾಲ್ಕು ಕೆಂಪು ಚಂದ್ರಗ್ರಹಣಗಳ ಮೇಲೆ ಪುಸ್ತಕ ಬರೆದು, ಲೋಕಕ್ಕೇ ಏನೋ ಆಗಲಿದೆ ಎಂದ ಹೇಗೀ ಇವರೇ. ಇಸ್ರೇಲಿನ ಮೇಲೆ ಈ ಪಂಥದವರಿಗಿರುವ ಪ್ರೀತಿ ಅಪಾರ. ಆದರೆ ನಾಟಕದ ಕೊನೆಯ ಅಂಕದಲ್ಲಿ ಏನಿದೆ ಎಂದು ಕೇಳಿ. ಜೆಕರ್ಯನ ಹದಿಮೂರನೇ ಅಧ್ಯಾಯದ ಪ್ರಕಾರ ದೇಶದ ಮೂರರಲ್ಲಿ ಎರಡು ಪಾಲು ಜನ ಸಾಯುತ್ತಾರೆ. ಇದನ್ನು ಮಹಾಸಂಕಟದಲ್ಲಿ ಯೆಹೂದ್ಯರಿಗಾಗುವ ಗತಿ ಎಂದು ಪಂಥದ ದೊಡ್ಡ ದೊಡ್ಡ ವ್ಯಾಖ್ಯಾನಕಾರರು ಬರೆದಿಟ್ಟಿದ್ದಾರೆ. ಬಾಲ್ಕನಿಯಲ್ಲಿ ಕೂರುವವರು ವೇದಿಕೆಯ ಮೇಲಿನವರಿಗೆ ತೋರಿಸುವ ಪ್ರೀತಿ ಇದು: ನಿಮ್ಮ ದೇಶ ಚೆನ್ನಾಗಿ ಬೆಳೆಯಲಿ, ಹರ್ಮಗೆದ್ದೋನಿಗೆ ಜಾಗ ಸಾಲದಾಗಬಾರದು. ಇಸ್ರೇಲಿನ ರಾಜಕಾರಣಿಗಳಿಗೆ ಇದು ಗೊತ್ತಿಲ್ಲವೆಂದಲ್ಲ. ಆ ದಿನ ಬಂದಾಗ ನೋಡೋಣ, ಸದ್ಯಕ್ಕೆ ವೋಟು ನೋಟು ಬರಲಿ ಎಂದು ಕೈಕುಲುಕುತ್ತಾರೆ. ಎರಡೂ ಕಡೆಯವರು ಇನ್ನೊಬ್ಬರು ಮೂರ್ಖರೆಂದು ಮನಸಾರೆ ನಂಬಿರುವ ಇಂಥ ಗಟ್ಟಿ ಸ್ನೇಹ ನಮ್ಮ ಸಮ್ಮಿಶ್ರ ಸರ್ಕಾರಗಳಲ್ಲೂ ಅಪರೂಪ.

ಈ ನಕ್ಷೆಯಲ್ಲಿ ಜಾಗವೇ ಇಲ್ಲದವರು ಪ್ಯಾಲೆಸ್ತೀನಿನ ಕ್ರೈಸ್ತರು. ಬೆತ್ಲೆಹೇಮಿನಲ್ಲಿ, ಅಂದರೆ ಕತೆ ಶುರುವಾದ ಊರಿನಲ್ಲೇ, ತಲೆತಲಾಂತರದಿಂದ ಬದುಕಿದ ಸಭೆ ಅವರದು. ಯೆಹೂದ್ಯರಿಗೆ ಒಂದು ಗಡಿಯಾರ, ಸಭೆಗೆ ಒಂದು ಕಂದಕ ಎಂದು ಹಂಚಿದ ಯೋಜನೆಯಲ್ಲಿ ಅರಬ್ಬಿ ಮಾತಾಡುವ, ಬೆಳಿಗ್ಗೆ ಯೇಸುವಿಗೆ ಮೇಣದಬತ್ತಿ ಹಚ್ಚಿ ಸಂಜೆ ಚೆಕ್‌ಪೋಸ್ಟಿನಲ್ಲಿ ನಿಲ್ಲುವ ವಿಶ್ವಾಸಿಗೆ ಕಾಲಂ ಇಲ್ಲ. 2023ರ ಕ್ರಿಸ್ಮಸ್ಸಿನಲ್ಲಿ ಅಲ್ಲಿನ ಲೂಥರನ್ ಚರ್ಚಿನ ಪಾದ್ರಿ ಮುಂತರ್ ಐಸಾಕ್ ಗೋದಲಿಯ ಬದಲು ಕಲ್ಲುಮಣ್ಣಿನ ರಾಶಿಯಲ್ಲಿ ಶಿಶುವನ್ನು ಮಲಗಿಸಿದರು. ಅದು ಗಾಜಾದ ಅವಶೇಷಗಳ ರಾಶಿ ಎಂದು ಅರ್ಥೈಸಲು ಯಾವ ಟಿಪ್ಪಣಿಯೂ ಬೇಕಿರಲಿಲ್ಲ. ಆ ಚಿತ್ರ ಲೋಕವೆಲ್ಲ ಸುತ್ತಿತು. ಟೆಕ್ಸಾಸಿನಲ್ಲಿ ಆಗ ಗೋಗ್ ಮಾಗೋಗಿನ ಉಪನ್ಯಾಸ ನಡೆಯುತ್ತಿತ್ತು ಎಂದು ಊಹಿಸಿದರೆ ತಪ್ಪಾಗಲಿಕ್ಕಿಲ್ಲ. ಅಲ್ಲಿ ಅದು ನಡೆಯದ ವಾರವಿಲ್ಲ.

ಸದ್ಯ ಎಲ್ಲ ನಿಂತಿರುವುದು ಒಂದು ಆಕಳ ಮೇಲೆ. ಎಪ್ಪತ್ತನೇ ವಾರ ನಡೆಯಬೇಕಾದರೆ ಜೆರುಸಲೇಮಿನಲ್ಲಿ ಮೂರನೇ ದೇವಾಲಯ ಬೇಕು. ಅದು ಏಳಬೇಕಾದ ಜಾಗದಲ್ಲಿ ಸಾವಿರದ ಮುನ್ನೂರು ವರ್ಷದಿಂದ ಮುಸ್ಲಿಮರ ಪವಿತ್ರ ಬಂಡೆಯ ಗುಮ್ಮಟ ಇದೆ ಎಂಬುದು ಸಣ್ಣ ವಿಷಯ. ದೇವಾಲಯದ ಸೇವೆಗೆ ನಿಲ್ಲುವವರು ಶುದ್ಧರಾಗಲು ಬೈಬಲಿನ ಅರಣ್ಯಕಾಂಡದ ಹತ್ತೊಂಬತ್ತನೇ ಅಧ್ಯಾಯದಲ್ಲಿ ಹೇಳಿದಂತೆ ಕೆಂಪು ಕಡಸಿನ ಬೂದಿ ಬೇಕು. ಕಡಸು ಪೂರ್ತಿ ಕೆಂಪಗಿರಬೇಕು, ನೊಗ ಹೊತ್ತಿರಬಾರದು. ಬೇರೆ ಬಣ್ಣದ ಎರಡು ಕೂದಲು ಕಂಡರೂ ಅನರ್ಹ ಎಂಬುದು ರಬ್ಬಿಗಳ ಕಟ್ಟಳೆ. 1990ರ ದಶಕದಲ್ಲಿ ಇಸ್ರೇಲಿನ ಕ್ಫಾರ್ ಹಸೀದಿಮ್ ಎಂಬಲ್ಲಿ ಮೆಲಡಿ ಎಂಬ ಕೆಂಪು ಕರು ಹುಟ್ಟಿದಾಗ ಎರಡು ಧರ್ಮದ ಪಂಡಿತರು ಕೊಟ್ಟಿಗೆಗೆ ಸಾಲುಗಟ್ಟಿದರು. ಇತ್ತ ಪೊಲೀಸರಿಗೆ ನಿದ್ದೆ ಹೋಯಿತು. ಇನ್ನೇನು ಎನ್ನುವಷ್ಟರಲ್ಲಿ ಮೆಲಡಿಯ ಬಾಲದಲ್ಲಿ ಬಿಳಿ ಕೂದಲು ಬಂತು. 2022ರ ಸೆಪ್ಟೆಂಬರಿನಲ್ಲಿ ಟೆಕ್ಸಾಸಿನಿಂದ ಐದು ಕೆಂಪು ಕಡಸುಗಳನ್ನು ವಿಮಾನದಲ್ಲಿ ಇಸ್ರೇಲಿಗೆ ಸಾಗಿಸಲಾಯಿತು. ಹಾಲಿಗಲ್ಲ, ಉಳುಮೆಗಲ್ಲ. ಮೈಮೇಲಿನ ಒಂದೊಂದು ರೋಮವನ್ನೂ ಎಣಿಸುವವರ ನಡುವೆ ಮೇಯಲಿಕ್ಕೆ.

ವಾಲ್ವೂರ್ಡರ ಪುಸ್ತಕಕ್ಕೆ ಮತ್ತೊಂದು ಪರಿಷ್ಕರಣೆ ಯಾರಾದರೂ ಮಾಡುತ್ತಿದ್ದರೆ ಈ ಐದರ ಹೆಸರೂ ಅದರಲ್ಲಿ ಬರಲೇಬೇಕು. ನನಗೆ ದನದ ವಿಷಯ ಅಷ್ಟಾಗಿ ಗೊತ್ತಿಲ್ಲ. ಆದರೂ ಸೆಮಿನರಿಗಳ ಎಲ್ಲ ಡಾಕ್ಟರುಗಳ ಒಟ್ಟು ಸಾಧನೆಗಿಂತ ಮೆಲಡಿಯ ಬಾಲದ ತುದಿಯಲ್ಲಿ ಹೆಚ್ಚು ವಿವೇಕವಿತ್ತು ಎಂದು ನನ್ನ ಅಭಿಪ್ರಾಯ. ಈ ಐದಕ್ಕೂ ಹೊತ್ತಿಗೆ ಸರಿಯಾಗಿ ಬಿಳಿ ಕೂದಲು ಒಂದೆರಡು ಮೂಡಲಿ. ಬೇಕಾದರೆ ಮಂಡ್ಯದ ಪಶುವೈದ್ಯರನ್ನು ಕಳಿಸಿ ಸರ್ಟಿಫಿಕೇಟ್ ಕೊಡಿಸೋಣ.